ತಕಾವಿಯಿಂದ ಯಂತ್ರಧಾರೆಯವರೆಗೆ: ಸರ್ಕಾರಿ ಸಹಾಯಧನ ನಡೆದು ಬಂದ ದಾರಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂಭ್ರಮದ ಹೊತ್ತಿನಲ್ಲಿ ಊರಿನ ಎಲ್ಲರ ಬಾಯಲ್ಲೂ ಓಡಾಡುವ ಒಂದು ಮಾತಿನ ಚರಿತ್ರೆಯನ್ನು ನಿಮ್ಮ ಮುಂದೆ ಇಡಬೇಕೆಂದು ಈ ಲೇಖನ. ಆ ಮಾತು 'ಸಬ್ಸಿಡಿ'. ಹಾಲಿನ ಡೇರಿ ಮುಂದೆ ನಿಂತರೂ ಅದೇ, ಅರಳಿಕಟ್ಟೆಯಲ್ಲಿ ಕೂತರೂ ಅದೇ. "ಏನಣ್ಣಾ, ಟಿಲ್ಲರಿಗೆ ಅರ್ಜಿ ಹಾಕಿದ್ಯಲ್ಲಾ, ಬಂತಾ?" ಅಂತ ಒಬ್ಬರು ಕೇಳಿದರೆ, "ಎಲ್ಲಿ ಬರುತ್ತೆ ಕಣಪ್ಪಾ, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ" ಅಂತ ಇನ್ನೊಬ್ಬರು ನಗುತ್ತಾರೆ. ರೈತನ ಉಪಕರಣಕ್ಕೆ ಸರ್ಕಾರ ದುಡ್ಡು ಕೊಡುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅದಕ್ಕೆ ನೂರನಲವತ್ತು ವರ್ಷಗಳಿಗಿಂತ ಹೆಚ್ಚಿನ ಇತಿಹಾಸವಿದೆ. ಆ ಇತಿಹಾಸ ನಮ್ಮಂಥ ಸಂಘಗಳಿಗೆ ಹೇಳುವ ಒಂದು ಮುಖ್ಯವಾದ ಪಾಠವೂ ಇದೆ.

ಬರದಿಂದ ಹುಟ್ಟಿದ ಸಾಲ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಭೀಕರ ಬರವನ್ನು ಹಳೆಯ ಮೈಸೂರಿನ ಜನ 'ಧಾತು ಈಶ್ವರ ಕ್ಷಾಮ' ಎಂದು ಕರೆದರು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದಲ್ಲೂ ಬಿಡಲಿಲ್ಲವಾದ್ದರಿಂದ ಆ ಹೆಸರು. ಜನ ಸತ್ತರು, ದನ ಸತ್ತವು. ಎತ್ತು ಇಲ್ಲದ ರೈತ ಮಳೆ ಬಂದ ಮೇಲೂ ಉಳಲಾರದೆ ಕುಳಿತ. ಆಮೇಲೆ ಬ್ರಿಟಿಷ್ ಸರ್ಕಾರ ಕ್ಷಾಮ ಆಯೋಗವೊಂದನ್ನು ನೇಮಿಸಿತು. ಆಯೋಗದ ವರದಿ 1880ರಲ್ಲಿ ಬಂತು. ಅದರ ಹಿಂದೆಯೇ ಎರಡು ಕಾನೂನುಗಳಾದವು: 1883ರ ಭೂ ಸುಧಾರಣಾ ಸಾಲಗಳ ಕಾಯಿದೆ ಮತ್ತು 1884ರ ರೈತರ ಸಾಲಗಳ ಕಾಯಿದೆ. ಮೊದಲನೆಯದು ಬಾವಿ, ಬದು, ಕಾಲುವೆ ಮುಂತಾದ ಕೆಲಸಕ್ಕೆ. ಎರಡನೆಯದು ಬೀಜ, ಎತ್ತು ಮತ್ತು ಬೇಸಾಯದ ಇತರ ಅಗತ್ಯಗಳಿಗೆ. ಇದನ್ನೇ ನಮ್ಮ ಹಿರಿಯರು 'ತಕಾವಿ' ಎಂದು ಕರೆದದ್ದು. ಮುಂಬೈ ಆಡಳಿತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ರೈತರಿಗೆ ಇದು ಚೆನ್ನಾಗಿ ಪರಿಚಯವಿದ್ದ ಹೆಸರು.

ತಕಾವಿ ದಾನವಲ್ಲ, ಕಡಿಮೆ ಬಡ್ಡಿಯ ಸಾಲ. ಕಟ್ಟದಿದ್ದರೆ ಕಂದಾಯ ಬಾಕಿಯಂತೆಯೇ ವಸೂಲಿ ಮಾಡುವ ಅಧಿಕಾರ ಸರ್ಕಾರಕ್ಕಿತ್ತು. ಸಾಹುಕಾರನ ಬಾಗಿಲಿಗಿಂತ ಬಡ್ಡಿ ಕಡಿಮೆಯೇನೋ ಹೌದು. ಆದರೆ ಅರ್ಜಿ, ಜಾಮೀನು, ಕಚೇರಿ ಅಲೆದಾಟ ಯಾರಿಗೆ ಬೇಕು ಅಂತ ಬಹಳ ಜನ ಸಾಹುಕಾರನ ಹತ್ತಿರವೇ ಹೋದರು.

ಈ 1883ರ ಕಾಯಿದೆಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಒಬ್ಬ ರೈತನಿಗಷ್ಟೇ ಅಲ್ಲ, ಊರಿನವರು ಹಲವರು ಒಟ್ಟಾಗಿ, ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರೆ ಅವರೆಲ್ಲರಿಗೂ ಸೇರಿಸಿ ಸಾಲ ಕೊಡಬಹುದು ಎಂಬ ಅವಕಾಶ ಅದರಲ್ಲಿತ್ತು. ಅಂದರೆ ಸರ್ಕಾರದ ಸಹಾಯ ಊರಿಗೆ ಒಟ್ಟಾಗಿ ಬರಬಹುದೆಂಬ ವಿಚಾರ ಸಹಕಾರ ಸಂಘಗಳ ಕಾನೂನಿಗಿಂತಲೂ ಹಳೆಯದು. ಆದರೆ ಒಟ್ಟಾಗಿ ಕೈಚಾಚಲು ಊರಿನಲ್ಲಿ ಒಂದು ವ್ಯವಸ್ಥೆ ಬೇಕಲ್ಲ, ಅದು ಆಗ ಇರಲಿಲ್ಲ.

ಕಣಗಿನಹಾಳದಲ್ಲಿ ಹಚ್ಚಿದ ದೀಪ

ಆ ವ್ಯವಸ್ಥೆ 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯಿಂದ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಏಷ್ಯಾ ಖಂಡದಲ್ಲೇ ಮೊದಲನೆಯದೆಂದು ಹೆಸರಾದ ಸಂಘ ಅದು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ಸಹಕಾರ ಸಂಘಗಳ ಕಾನೂನು ಮಾಡಿತು. ಅಂದಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯೇ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಉಳಿದವರ ಮನೆ ಬಾಗಿಲಿಗೇ ಬರುತ್ತಿತ್ತು. ಅಂಥ ಕಟ್ಟುನಿಟ್ಟಿನಲ್ಲೂ ನಮ್ಮ ಹಿರಿಯರು ಒಟ್ಟಾಗಿ ರುಜು ಹಾಕಿದರು ಎಂಬುದನ್ನು ನಾವು ಮರೆಯಬಾರದು.

ಕಬ್ಬಿಣದ ನೇಗಿಲು, ಮೈಲುತುತ್ತಿನ ದ್ರಾವಣ

ಹೊಸ ಉಪಕರಣ ಬಂದ ಕೂಡಲೇ ರೈತ ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೇವು ಕತ್ತರಿಸುವ ಯಂತ್ರ ಮಾಡಿದರು, 1900ರ ದಶಕದ ಆರಂಭದಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂಬ ಭಯದಿಂದ ರೈತರು ಮೊದಮೊದಲು ಅದನ್ನು ಮುಟ್ಟಲಿಲ್ಲ. ಆಮೇಲೆ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟು ಆಸರೆಯಾದರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅಲ್ಲಿಂದ ನೇಗಿಲುಗಳು ನಾಡಿನ ಎಲ್ಲ ದಿಕ್ಕಿಗೂ ಹೋದವು.

ಮಲೆನಾಡಿನ ಕಡೆ ನೋಡಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ಕಾಯೆಲ್ಲ ಉದುರಿ ಹೋಗುತ್ತಿತ್ತು. ಗೊನೆಗೆ ಹಾಳೆಯ ಕೊಟ್ಟೆ ಕಟ್ಟುವುದೊಂದೇ ಹಿರಿಯರಿಗೆ ಗೊತ್ತಿದ್ದ ಉಪಾಯ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ತೋಟದಲ್ಲೇ ನಿಂತು ಅಭ್ಯಾಸ ಮಾಡಿ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇವತ್ತಿಗೂ ಅಡಿಕೆ ಬೆಳೆಗಾರರ ಬಾಯಿಪಾಠ. ಮುಂದೆ ಕೋಲ್ಮನ್ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಅಲ್ಲಿ ಸರ್ಕಾರ ಖರ್ಚು ಮಾಡಿದ್ದು ರೈತನ ಕೈಗೆ ದುಡ್ಡು ಕೊಡುವುದಕ್ಕಲ್ಲ, ಕಣ್ಣಾರೆ ಕಂಡು ನಂಬುವಂತೆ ಮಾಡುವುದಕ್ಕೆ. ಅದು ಒಳ್ಳೆಯ ಸಬ್ಸಿಡಿಯೇ ಸರಿ.

ನೂರು ರೂಪಾಯಿಯಲ್ಲಿ ಮೂರು ರೂಪಾಯಿ

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ರೈತರಿಗೆ ಸಾಲ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ರಿಸರ್ವ್ ಬ್ಯಾಂಕು ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಗೋರ್ವಾಲಾ ಸಮಿತಿಯ ವರದಿ 1954ರಲ್ಲಿ ಬಂತು. 1951-52ರಲ್ಲಿ ರೈತ ಪಡೆದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸರ್ಕಾರ ಕೊಟ್ಟದ್ದು 3 ರೂಪಾಯಿ 30 ಪೈಸೆ, ಸಹಕಾರ ಸಂಘಗಳು ಕೊಟ್ಟದ್ದು 3 ರೂಪಾಯಿ 10 ಪೈಸೆಯಷ್ಟು. ಬಹುಪಾಲು ಲೇವಾದೇವಿಯವರದೇ. ಎಪ್ಪತ್ತು ವರ್ಷ ತಕಾವಿ ಕೊಟ್ಟು, ಐವತ್ತು ವರ್ಷ ಸಂಘ ನಡೆಸಿ ಕೊನೆಗೆ ಸಿಕ್ಕಿದ ಲೆಕ್ಕ ಇದು! ಆದರೂ ಸಮಿತಿ ಸಹಕಾರವನ್ನು ಕೈಬಿಡಿ ಎನ್ನಲಿಲ್ಲ. ಸರ್ಕಾರವೇ ಸಂಘಗಳಲ್ಲಿ ಷೇರು ಹಾಕಿ ಅವುಗಳನ್ನು ಬಲಪಡಿಸಬೇಕು ಎಂದು ಹೇಳಿತು.

ನಂತರ 1960ರ ದಶಕದಲ್ಲಿ 'ಪ್ಯಾಕೇಜ್ ಕಾರ್ಯಕ್ರಮ' ಬಂತು. ದೇಶದ ಆಯ್ದ ಕೆಲವೇ ಜಿಲ್ಲೆಗಳಲ್ಲಿ ನಮ್ಮ ಮಂಡ್ಯವೂ ಒಂದು. ಬೀಜ, ಗೊಬ್ಬರ, ಉಪಕರಣ, ಸಾಲ, ಸಲಹೆ ಎಲ್ಲವನ್ನೂ ಒಟ್ಟಿಗೆ, ಹೊತ್ತಿಗೆ ಸರಿಯಾಗಿ ಕೊಡಬೇಕು ಎನ್ನುವುದು ಅದರ ತಿರುಳು. ಅದರಲ್ಲಿ ಸಾಲ ಮತ್ತು ಗೊಬ್ಬರದ ದಾರಿ ಸಹಕಾರ ಸಂಘವೇ ಆಗಿತ್ತು. 1966ರಿಂದ ಅಧಿಕ ಇಳುವರಿ ತಳಿಗಳು ಬಂದವು. ಹಸಿರು ಕ್ರಾಂತಿಯ ಕತೆ ನಿಮಗೆಲ್ಲ ಗೊತ್ತೇ ಇದೆ.

ಟ್ರ್ಯಾಕ್ಟರ್ ಬಂತು, ಎಂಟು ಎಕರೆ ಕೇಳಿತು

ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂತು. 1971ರಲ್ಲಿ ಎಚ್.ಎಂ.ಟಿ.ಯವರು ಪಿಂಜೋರಿನಲ್ಲಿ ಜೆಕ್ ದೇಶದ ಜೀಟರ್ ಕಂಪನಿಯ ಸಹಯೋಗದಿಂದ ಟ್ರ್ಯಾಕ್ಟರ್ ತಯಾರಿಸಿದರು. 1974ರಲ್ಲಿ ನಮ್ಮ ದೇಶದ ಎಂಜಿನಿಯರುಗಳೇ ವಿನ್ಯಾಸ ಮಾಡಿದ 'ಸ್ವರಾಜ್' ಬಂತು. ಗದ್ದೆ ಬಯಲಿಗೆ ಹೇಳಿ ಮಾಡಿಸಿದ ಪವರ್ ಟಿಲ್ಲರು ಬೆಂಗಳೂರಿನಲ್ಲೇ ತಯಾರಾಗತೊಡಗಿತು. ರಾಜ್ಯದಲ್ಲಿ ಕೃಷಿ ಕೈಗಾರಿಕಾ ನಿಗಮವೂ ಆಯಿತು.

ದುಡ್ಡಿನ ದಾರಿಯೂ ಅಗಲವಾಯಿತು. ದೀರ್ಘಾವಧಿ ಸಾಲಕ್ಕೆಂದು ಮೈಸೂರಿನಲ್ಲಿ 1929ರಲ್ಲೇ ಭೂ ಅಡಮಾನ ಬ್ಯಾಂಕು ಹುಟ್ಟಿತ್ತು. ಅದರ ತಾಲ್ಲೂಕು ಕುಡಿಯೇ ನಾವು ಪಿ.ಎಲ್.ಡಿ. ಬ್ಯಾಂಕು ಎಂದು ಕರೆಯುವುದು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, 1982ರಲ್ಲಿ ನಬಾರ್ಡ್ ಬಂತು.

ಆದರೆ ಟ್ರ್ಯಾಕ್ಟರ್ ಸಾಲ ಕೇಳಲು ಹೋದವನಿಗೆ ಬ್ಯಾಂಕಿನವರು ಮೊದಲು ಕೇಳುತ್ತಿದ್ದದ್ದು ಪಹಣಿ. ಸಾಮಾನ್ಯವಾಗಿ ಎಂಟು ಎಕರೆ ನೀರಾವರಿ ಜಮೀನು ಇರಬೇಕು ಎನ್ನುವ ನಿಯಮ ಬಹಳ ಕಾಲ ನಡೆಯಿತು. ಬ್ಯಾಂಕಿನ ಕಡೆಯಿಂದ ನೋಡಿದರೆ ಅದು ತಪ್ಪೂ ಅಲ್ಲ, ಯಂತ್ರಕ್ಕೆ ಕೆಲಸ ಇಲ್ಲದಿದ್ದರೆ ಕಂತು ಎಲ್ಲಿಂದ ಬರಬೇಕು? ಆದರೆ ಎರಡು ಎಕರೆ ಮಳೆ ಆಶ್ರಯದ ಹೊಲದವನು ಆ ಬಾಗಿಲಿನ ಹೊರಗೇ ಉಳಿದ. ಹದಕ್ಕೆ ಸರಿಯಾಗಿ ಉಳುಮೆ ಆಗಬೇಕಾದರೆ ದೊಡ್ಡ ಹಿಡುವಳಿದಾರನ ಟ್ರ್ಯಾಕ್ಟರ್ ಬಿಡುವಾಗುವ ತನಕ ಕಾಯಬೇಕು, ಅವರು ಹೇಳಿದ ಬಾಡಿಗೆ ಕೊಡಬೇಕು.

ಕಾಲು ಭಾಗ, ಮೂರನೇ ಒಂದು ಭಾಗ

ಈ ಅನ್ಯಾಯ ಸರ್ಕಾರದ ಕಣ್ಣಿಗೂ ಬಿತ್ತು. 1970ರ ದಶಕದ ಆರಂಭದಲ್ಲಿ ಸಣ್ಣ ರೈತರ ಅಭಿವೃದ್ಧಿ ಸಂಸ್ಥೆಗಳು ಬಂದವು. ಸಣ್ಣ ರೈತನಿಗೆ ವೆಚ್ಚದ ಕಾಲು ಭಾಗ, ಅತಿ ಸಣ್ಣ ರೈತನಿಗೆ ಮತ್ತು ಕೃಷಿ ಕೂಲಿಕಾರನಿಗೆ ಮೂರನೇ ಒಂದು ಭಾಗ ಸಹಾಯಧನ, ಉಳಿದದ್ದು ಸಾಲ. 'ಸಬ್ಸಿಡಿ' ಎಂಬ ಮಾತು ಹಳ್ಳಿಯವರ ನಾಲಿಗೆಗೆ ಹತ್ತಿದ್ದು ಹೆಚ್ಚಾಗಿ ಆ ಕಾಲದಲ್ಲಿ. 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಐ.ಆರ್.ಡಿ.ಪಿ. ವಿಸ್ತರಿಸಿತು. ಎತ್ತಿನ ಗಾಡಿ, ಪಂಪ್‌ಸೆಟ್ಟು, ಎಮ್ಮೆ, ಹೊಲಿಗೆ ಯಂತ್ರ ಎಲ್ಲಕ್ಕೂ ಸಹಾಯ. ಎಷ್ಟೋ ಮನೆಗಳು ಅದರಿಂದ ಮೇಲೆದ್ದದ್ದು ನಿಜ. ಒಂದೇ ಎಮ್ಮೆ ನಾಲ್ಕು ಮನೆಯ ಹೆಸರಿನಲ್ಲಿ ಸಾಲ ತಂದಿತು ಅನ್ನುವ ತಮಾಷೆ ಹುಟ್ಟಿದ್ದೂ ಆಗಲೇ. 1999ರಲ್ಲಿ ಈ ಯೋಜನೆ ಬೇರೆ ಹೆಸರಿನ ಯೋಜನೆಯಲ್ಲಿ ಸೇರಿಹೋಯಿತು. ಹೊಸ ಯೋಜನೆ ಸ್ವಸಹಾಯ ಗುಂಪುಗಳಿಗೆ ಒತ್ತು ಕೊಟ್ಟಿತು. ಒಬ್ಬೊಬ್ಬರಿಗೆ ಹಂಚಿದ್ದು ನಿಲ್ಲುವುದು ಕಷ್ಟ, ಗುಂಪಿಗೆ ಕೊಟ್ಟರೆ ನಿಲ್ಲಬಹುದು ಎಂಬ ಅರಿವು ಅದರ ಹಿಂದಿತ್ತು.

ನೀರೆತ್ತಲೂ ಸಹಾಯ, ನೀರುಳಿಸಲೂ ಸಹಾಯ

ನಮ್ಮ ತಾತಂದಿರು ಏತ ತುಳಿದರು, ಕಪಿಲೆ ಹೊಡೆದರು. ಆಮೇಲೆ ಡೀಸೆಲ್ ಎಂಜಿನ್ ಬಂತು, ಕರೆಂಟು ಬಂತು, ಬೋರ್‌ವೆಲ್ ಬಂತು. ಪ್ರತಿ ಮೆಟ್ಟಿಲಿಗೂ ಸಾಲವೋ ಸಹಾಯಧನವೋ ಬೆನ್ನಿಗಿತ್ತು. ಫಲ ಏನಾಯಿತೆಂದರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಂಥ ಜಿಲ್ಲೆಗಳಲ್ಲಿ ಭೂಮಿಗೆ ಇಳಿಯುವ ನೀರಿಗಿಂತ ಮೇಲೆತ್ತುವ ನೀರೇ ಹೆಚ್ಚಾಯಿತು. ಈಗ ಹನಿ ನೀರಾವರಿಗೆ ಸಹಾಯಧನ. ನಮ್ಮ ರಾಜ್ಯದಲ್ಲಿ ಎರಡು ಹೆಕ್ಟೇರುವರೆಗೆ ಶೇಕಡಾ 90ರಷ್ಟು ಕೊಡುವ ಪದ್ಧತಿ ಹಲವು ವರ್ಷ ನಡೆಯಿತು. 2014-15ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆ ಆಶ್ರಿತ ಹೊಲಗಳಲ್ಲಿ ಕೃಷಿ ಹೊಂಡ, ಅದಕ್ಕೆ ಪಾಲಿಥಿನ್ ಹೊದಿಕೆ, ನೀರೆತ್ತಲು ಪಂಪು ಒಟ್ಟಾಗಿ ಸಿಕ್ಕವು. ನಡುವೆ ನಿಂತಿದ್ದ ಆ ಯೋಜನೆಗೆ 2023-24ರಲ್ಲಿ ಮತ್ತೆ ಜೀವ ಬಂತು. ಒಂದು ಕಾಲದ ಸಹಾಯಧನ ಮಾಡಿದ ಗಾಯಕ್ಕೆ ಇನ್ನೊಂದು ಕಾಲದ ಸಹಾಯಧನ ಮದ್ದು ಹಚ್ಚುತ್ತಿದೆ ಎಂದರೆ ತಪ್ಪಾಗಲಾರದು.

ಹೋಬಳಿಗೆ ಬಂದ ಬಾಗಿಲು

ನಮ್ಮ ಸಂಘ ಕಣ್ಣು ಬಿಟ್ಟ ಕಾಲದಲ್ಲೇ, 2000-01ರಲ್ಲಿ, ರಾಜ್ಯದ ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳು ಶುರುವಾದವು. ಬೀಜ, ಟಾರ್ಪಾಲಿನ್, ಸ್ಪ್ರೇಯರ್, ಪೈಪು ಮುಂತಾದವಕ್ಕೆ ತಾಲ್ಲೂಕಿಗೆ ಓಡಾಡುವುದು ತಪ್ಪಿತು. 2014-15ರಲ್ಲಿ ಕೇಂದ್ರ ಸರ್ಕಾರ ಕೃಷಿ ಯಾಂತ್ರೀಕರಣಕ್ಕೆಂದೇ ಉಪ ಅಭಿಯಾನ ತಂದಿತು. ಅದರ ನಿಯಮದಂತೆ ಸಣ್ಣ, ಅತಿ ಸಣ್ಣ ರೈತರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಹಲವು ಯಂತ್ರಗಳ ಬೆಲೆಯಲ್ಲಿ ಶೇಕಡಾ 50, ಇತರರಿಗೆ ಶೇಕಡಾ 40. ನಮ್ಮ ರಾಜ್ಯ ತನ್ನ ಪಾಲನ್ನೂ ಸೇರಿಸಿ ಸಾಮಾನ್ಯ ವರ್ಗಕ್ಕೆ ಶೇಕಡಾ 50, ಪರಿಶಿಷ್ಟರಿಗೆ ಶೇಕಡಾ 90ರವರೆಗೆ ಕೊಡುತ್ತ ಬಂದಿದೆ. ಎಲ್ಲಕ್ಕೂ ಗರಿಷ್ಠ ಮಿತಿ ಉಂಟು. ಅರ್ಜಿಗೆ ಪಹಣಿ, ಆಧಾರ್, ಎಫ್.ಐ.ಡಿ. ನಂಬರು ಬೇಕು.

ಇಲ್ಲಿ ನಮ್ಮ ಹೆಣ್ಣುಮಕ್ಕಳ ಮಾತು ಹೇಳಲೇಬೇಕು. ನಾಟಿ, ಕಳೆ, ಕೊಯ್ಲು ಬಹುಪಾಲು ಅವರದೇ ಕೆಲಸ. ಕಾಗದದ ಮೇಲೆ ಅವರಿಗೆ ಹೆಚ್ಚಿನ ಸಹಾಯಧನವೂ ಇದೆ. ಆದರೆ ಪಹಣಿ ಗಂಡಸಿನ ಹೆಸರಿನಲ್ಲಿದ್ದರೆ ಅರ್ಜಿ ಹಾಕುವುದಾದರೂ ಹೇಗೆ? ಕಳೆ ತೆಗೆಯುವ ಯಂತ್ರ ಯಾರ ಸೊಂಟನೋವು ಕಡಿಮೆ ಮಾಡಬೇಕಿತ್ತೋ ಅವರ ಕೈಗೆ ಬರುವುದು ಕೊನೆಗೆ.

ಅದೇ 2014-15ರಲ್ಲಿ ಶುರುವಾದ 'ಕೃಷಿ ಯಂತ್ರಧಾರೆ' ಬೇರೆಯೇ ದಾರಿ ಹಿಡಿಯಿತು. ಯಂತ್ರ ಕೊಳ್ಳಲು ಸಹಾಯ ಮಾಡುವ ಬದಲು, ಹೋಬಳಿ ಮಟ್ಟದ ಬಾಡಿಗೆ ಕೇಂದ್ರದಲ್ಲಿ ಯಂತ್ರಗಳನ್ನು ಇಟ್ಟು ಕಡಿಮೆ ದರಕ್ಕೆ ಕೊಡುವುದು. ಸ್ವಯಂಸೇವಾ ಸಂಸ್ಥೆಗಳು, ಯಂತ್ರ ಕಂಪನಿಗಳು ಅದನ್ನು ನಡೆಸಿದವು. ಯಂತ್ರ ಒಬ್ಬರದಾಗಬೇಕಿಲ್ಲ, ಕೆಲಸ ಎಲ್ಲರದೂ ಆಗಬೇಕು ಎನ್ನುವ ತತ್ವ ಅದು. ನಮ್ಮ ಹಳೆಯ ಮುಯ್ಯಾಳು ಪದ್ಧತಿಯೇ ಎಂಜಿನ್ ಕಟ್ಟಿಕೊಂಡು ಬಂದ ಹಾಗೆ.

ಎರಡು ಎಕರೆಯವನ ಲೆಕ್ಕ

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಮೂರು ಎಕರೆ ಚಿಲ್ಲರೆ. ಅದಕ್ಕಿಂತ ಕಡಿಮೆ ಇರುವವರೇ ಹೆಚ್ಚು. ಒಂದು ಲೆಕ್ಕ ಹಾಕೋಣ. ಟಿಲ್ಲರಿಗೆ ಎರಡು ಲಕ್ಷ ಎಂದು ಇಟ್ಟುಕೊಳ್ಳಿ. ಸರ್ಕಾರ ಒಂದು ಲಕ್ಷ ಕೊಟ್ಟಿತು. ಉಳಿದ ಲಕ್ಷಕ್ಕೆ ನೂರಕ್ಕೆ ಹತ್ತರಂತೆ ವರ್ಷದ ಬಡ್ಡಿ ಹತ್ತು ಸಾವಿರ. ಎರಡು ಎಕರೆಗೆ, ಎರಡು ಬೆಳೆಗೆ, ಬೆಳೆಗೆ ಎಕರೆಗೆ ನಾಲ್ಕು ಗಂಟೆಯಂತೆ ವರ್ಷಕ್ಕೆ ಹದಿನಾರು ಗಂಟೆ ಕೆಲಸ. ಬಡ್ಡಿಯೊಂದೇ ಗಂಟೆಗೆ 625 ರೂಪಾಯಿ ಬಿತ್ತು! ಡೀಸೆಲ್ಲು, ರಿಪೇರಿ, ಸವಕಳಿ ಬೇರೆ. ಉಳಿದ ದಿನ ಯಂತ್ರ ಕೊಟ್ಟಿಗೆಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ. ಅದೇ ಟಿಲ್ಲರನ್ನು ನಲವತ್ತು ಮನೆಯವರು ಬಳಸಿದರೆ 640 ಗಂಟೆ, ಬಡ್ಡಿ ಗಂಟೆಗೆ ಹದಿನಾರು ರೂಪಾಯಿಯೂ ಇಲ್ಲ. ಸಹಾಯಧನ ಅಷ್ಟೇ, ಯಂತ್ರ ಅದೇ. ವ್ಯತ್ಯಾಸ ಇರುವುದು ಅದು ಯಾರ ಕೈಯಲ್ಲಿದೆ ಎನ್ನುವುದರಲ್ಲಿ.

"ಹದ ಬಂದಾಗ ಎಲ್ಲರಿಗೂ ಒಂದೇ ದಿನ ಬೇಕಲ್ಲಾ ಸ್ವಾಮಿ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಂಚಿಕೊಂಡು ಬಳಸುವ ಕೆಲಸ ಹಲವು ಕಡೆ ಕೆಡುವುದು ಇಲ್ಲಿಯೇ. ಅಧ್ಯಕ್ಷರ ಹೊಲ ಮೊದಲು, ಅವರ ಬೀಗರದ್ದು ಆಮೇಲೆ ಎಂದಾದರೆ ಊರಿನವರ ನಂಬಿಕೆ ಒಂದೇ ಮುಂಗಾರಿನಲ್ಲಿ ಮುಗಿದುಹೋಗುತ್ತದೆ. ಸರದಿ ಪಟ್ಟಿ ನೋಟೀಸು ಬೋರ್ಡಿನಲ್ಲಿರಬೇಕು. ಸಣ್ಣ ಹಿಡುವಳಿದಾರರಿಂದ ಶುರುವಾಗಬೇಕು. ಈ ವರ್ಷ ಮೂಡಲ ಬಯಲಿನಿಂದ ಹೊರಟರೆ ಬರುವ ವರ್ಷ ಪಡುವಲ ಬಯಲಿನಿಂದ ಹೊರಡಬೇಕು.

ನಮ್ಮ ಮುಂದಿರುವ ಕೆಲಸ

ಇದಕ್ಕೆ ಈಗ ಕಾನೂನಿನ ಅಡ್ಡಿಯಿಲ್ಲ. ಕೇಂದ್ರ ಸಹಕಾರ ಮಂತ್ರಾಲಯ 2023ರಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಿ ಕಳಿಸಿದ ಮಾದರಿ ಉಪವಿಧಿಗಳು ಇಪ್ಪತ್ತೈದಕ್ಕೂ ಹೆಚ್ಚು ವ್ಯವಹಾರಗಳಿಗೆ ಅವಕಾಶ ಕೊಡುತ್ತವೆ. ಯಂತ್ರಗಳ ಬಾಡಿಗೆ ಕೇಂದ್ರವೂ ಅವುಗಳಲ್ಲಿ ಒಂದು. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಎರಡು ಕೋಟಿವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿ ಉಂಟು, ಸಂಘಗಳೂ ಅರ್ಹ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. 2023ರಲ್ಲಿ ಮಹಿಳಾ ಸ್ವಸಹಾಯ ಗುಂಪುಗಳಿಗೆ ಶೇಕಡಾ 80ರ ಸಹಾಯಧನದಲ್ಲಿ ಡ್ರೋನ್ ಕೊಡುವ ಯೋಜನೆಯೂ ಬಂತು. ಔಷಧಿ ಸಿಂಪಡಣೆಗೆ ಹೆಂಗಸರೇ ಡ್ರೋನ್ ಹಾರಿಸುವ ಕಾಲ ಇದು.

ನೂರನಲವತ್ತು ವರ್ಷಗಳಲ್ಲಿ ಸಹಾಯದ ಹೆಸರು ಬದಲಾಯಿತು. ತಕಾವಿ ಹೋಗಿ ಸಬ್ಸಿಡಿ ಬಂತು, ಕಚೇರಿ ಗುಮಾಸ್ತರ ಕಡತ ಹೋಗಿ ಕಂಪ್ಯೂಟರ್ ಬಂತು. ಬದಲಾಗದ ಮಾತು ಒಂದೇ: ಒಬ್ಬೊಬ್ಬರಿಗೆ ಹಂಚಿದ ಸಹಾಯ ಹೆಚ್ಚಾಗಿ ಇದ್ದವರ ಮನೆ ಸೇರಿತು, ಒಟ್ಟಾಗಿ ನಿಂತು ಪಡೆದದ್ದು ಮಾತ್ರ ಕೊನೆಯ ಹೊಲದವರೆಗೂ ಹೋಗುವ ಅವಕಾಶ ಪಡೆಯಿತು. ಊರಿನಲ್ಲಿ ಒಟ್ಟಾಗಿ ನಿಲ್ಲಲು ಇರುವ ಜಾಗ ನಮ್ಮ ಸಂಘವೇ ತಾನೆ?

ಗೊಬ್ಬರ, ಬೀಜ, ಬೆಳೆ ಸಾಲ ಕೊಟ್ಟು ಇಪ್ಪತ್ತೈದು ವರ್ಷ ನಡೆದ ಸಂಘ ಇನ್ನೊಂದು ಹೆಜ್ಜೆ ಇಡಲಿ. ಬರುವ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಒಮ್ಮೆಲೇ ದೊಡ್ಡ ಟ್ರ್ಯಾಕ್ಟರ್ ಬೇಡ. ಒಂದು ಟಿಲ್ಲರು, ಒಂದು ಒಕ್ಕಣೆ ಯಂತ್ರ, ನಾಲ್ಕು ಸ್ಪ್ರೇಯರು, ಹೆಣ್ಣುಮಕ್ಕಳ ಕೈಗೆ ಒಗ್ಗುವ ಕಳೆ ಯಂತ್ರ ಇಷ್ಟರಿಂದ ಆರಂಭವಾಗಲಿ. ಬಾಡಿಗೆಯ ಒಂದು ಪಾಲು ರಿಪೇರಿ ನಿಧಿಗೆ ಹೋಗಲಿ. ನಮ್ಮೂರಿನ ಇಬ್ಬರು ಹುಡುಗರು ಯಂತ್ರ ನಡೆಸುವುದನ್ನೂ ಬಿಚ್ಚಿ ಜೋಡಿಸುವುದನ್ನೂ ಕಲಿಯಲಿ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಎರಡು ಸೀಟು ಖಾಲಿಯಾಗಲಿ. ಲೆಕ್ಕಪತ್ರ ಯಾವ ಸದಸ್ಯ ಕೇಳಿದರೂ ತೋರಿಸುವಂತಿರಲಿ.

ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ಸರ್ವ ಸದಸ್ಯರಿಗೂ, ಸಿಬ್ಬಂದಿ ವರ್ಗಕ್ಕೂ, ಊರಿನ ಸಮಸ್ತರಿಗೂ ಶುಭ ಕೋರುತ್ತೇನೆ. ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವವರು "ಊರಿನ ಯಂತ್ರ ಊರಿನ ಎಲ್ಲ ಹೊಲಕ್ಕೂ ಇಳಿಯಿತು" ಎಂದು ಬರೆಯುವಂತಾಗಲಿ.